ಚೀನಾ, ಜಪಾನ್, ಟರ್ಕಿ: ಇತಿಹಾಸದ ಪರೀಕ್ಷೆಗೆ ಯಾವುದನ್ನು ಮೊದಲು ಓದಬೇಕು, ಯಾವುದನ್ನು ಬಿಡಬಹುದು?

ದೇಶಕ್ಕೊಂದು ನೋಟ್‌ಬುಕ್ ಮಾಡಿಕೊಂಡಿದ್ದೀರಿ, ಜಪಾನ್ ಮುಗಿದಿದೆ, ಚೀನಾ ಅರ್ಧ ಆಗಿದೆ, ಟರ್ಕಿ ಕೈಬಿಡೋಣವೇ ಅಂತ ಕೇಳಿದ್ದೀರಿ. ಕೊನೆಗೆ ಇನ್ನೊಂದು ಮಾತು ಸೇರಿಸಿದ್ದೀರಿ: "ಜಪಾನ್ ಕಾಲಕ್ಕೆ ತಕ್ಕಂತೆ ಬದಲಾಗಿ ಉಳಿಯಿತು, ಚೀನಾ ಹಟ ಹಿಡಿದು ಕೆಟ್ಟಿತು. ಇಷ್ಟು ಬರೆದರೆ ಸಾಲದೇ?" ಇದೇ ಮಾತನ್ನು ಇದಕ್ಕಿಂತ ಚೆಂದದ ಕನ್ನಡದಲ್ಲಿ ಹೇಳಿ ನಾನು ಕೈಗೆ ಬರಬೇಕಿದ್ದ ಕೆಲಸ ಕಳೆದುಕೊಂಡವನು.

ದಾವಣಗೆರೆ ಕಡೆಯ ಒಂದು ಕಾಲೇಜಿನಲ್ಲಿ ಉಪನ್ಯಾಸಕರ ಹುದ್ದೆ ಖಾಲಿ ಇತ್ತು. ಲಿಖಿತ ಪರೀಕ್ಷೆಯಲ್ಲಿ ಅಂಕ ಚೆನ್ನಾಗಿ ಬಂದಿತ್ತು, ಸಂದರ್ಶನಕ್ಕೆ ಕರೆದರು. ಎದುರಿಗೆ ಕೂತಿದ್ದ ಹಿರಿಯ ಪ್ರಾಧ್ಯಾಪಕರೊಬ್ಬರು "ಚೀನಾ, ಜಪಾನ್ ಹೋಲಿಸಿ ಹೇಳ್ರಿ ನೋಡೋಣ" ಅಂದರು. ನನ್ನ ಪುಣ್ಯ ಅಂದುಕೊಂಡು ಒಂದೇ ಉಸಿರಿಗೆ ಹೇಳಿದೆ. ಜಪಾನಿನಲ್ಲಿ ಚಕ್ರವರ್ತಿಯ ಆಳ್ವಿಕೆ ಮರಳಿ ಬಂದ 1868ರ ಮೇಜಿ ಪುನಃಸ್ಥಾಪನೆ, 1871ರಲ್ಲಿ ಪಾಳೆಯಗಳ ರದ್ದು, 1873ರ ಭೂಕಂದಾಯ, 1889ರ ಸಂವಿಧಾನ. ಆಚೆ ಚೀನಾದಲ್ಲಿ ಅಹಂಕಾರದ ಅರಸರು, ಹಳೇ ಪರೀಕ್ಷಾ ಪದ್ಧತಿ, ಅಫೀಮು, ಸೋಲಿನ ಮೇಲೆ ಸೋಲು. ಅವರು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡರು.

"ಅಮೆರಿಕದ ಪೆರ್ರಿ ಹಡಗು ತಗೊಂಡು ಜಪಾನಿಗೆ ಬಂದಿದ್ದು ಯಾವಾಗ?"

"1853, ಜುಲೈ, ಸರ್."

"ಆ ಹೊತ್ತಿಗೆ ಚೀನಾದೊಳಗೆ ಏನು ನಡೀತಿತ್ತು?"

"ಅಫೀಮು ಯುದ್ಧ ಸರ್."

"ಯಾವುದ್ರೀ? ಮೊದಲನೇದು ಮುಗಿದು ಹನ್ನೊಂದು ವರ್ಷ ಆಗಿತ್ತು. ಎರಡನೇದಕ್ಕೆ ಇನ್ನೂ ಮೂರು ವರ್ಷ ಇತ್ತು. ಹೋಗ್ಲಿ, ಟರ್ಕಿಯಲ್ಲಿ?"

ಟರ್ಕಿ ಓದಿಲ್ಲ ಅಂದೆ. ಹೋಗಿ ಬನ್ನಿ ಅಂದರು.

ಈಗ ತಪ್ಪು ಎಲ್ಲಾಯಿತು ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಬೇಜಾರಾದರೂ ಓದಿ. ಆ ಉತ್ತರ ನನಗೆ ಗೊತ್ತಿರಲಿಲ್ಲ ಅಂತಲ್ಲ. ತೈಪಿಂಗ್ ದಂಗೆ ನನ್ನ ಚೀನಾ ಲಾಂಗ್‌ಬುಕ್ಕಿನಲ್ಲೇ ಇತ್ತು. 1853ರ ಮಾರ್ಚಿನಲ್ಲಿ ದಂಗೆಕೋರರು ನಾನ್‌ಜಿಂಗ್ ಹಿಡಿದು ರಾಜಧಾನಿ ಮಾಡಿಕೊಂಡರು ಅಂತ ನಾನೇ ಕೆಂಪು ಪೆನ್ನಿನಲ್ಲಿ ಬರೆದಿದ್ದೆ. ಆದರೆ ಬರೆದದ್ದು ಎಲ್ಲಿ? ಮೊದಲು "ವಿದೇಶಿ ಆಕ್ರಮಣ" ಅಂತ ಶೀರ್ಷಿಕೆ ಹಾಕಿ ಬ್ರಿಟಿಷರು ಚೀನಾದ ಮೇಲೆ ಮಾಡಿದ ಎರಡೂ ಅಫೀಮು ಯುದ್ಧ ಮುಗಿಸಿ 1860ಕ್ಕೆ ಬಂದು ನಿಂತಿದ್ದೆ. ಅದಾದ ಮೇಲೆ "ಆಂತರಿಕ ದಂಗೆಗಳು" ಅಂತ ಹೊಸ ಶೀರ್ಷಿಕೆ, ಅದರ ಕೆಳಗೆ ತೈಪಿಂಗ್. ಹಾಗಾಗಿ ತಲೆಯೊಳಗೆ ಅದು 1860ರ ನಂತರದ ಸಂಗತಿಯಾಗಿ ಕೂತುಬಿಟ್ಟಿತ್ತು. ಇಸವಿ ಬಾಯಿಪಾಠ ಇತ್ತು, ಜಾಗ ಮಾತ್ರ ತಪ್ಪಿತ್ತು. ಬ್ರಿಟನ್, ಫ್ರಾನ್ಸ್ ಸೇರಿ 1860ರಲ್ಲಿ ಬೀಜಿಂಗಿನ ಬೇಸಿಗೆ ಅರಮನೆ ಲೂಟಿ ಮಾಡಿ, ಬ್ರಿಟಿಷರು ಅದಕ್ಕೆ ಬೆಂಕಿ ಇಟ್ಟಾಗ, ದಕ್ಷಿಣದಲ್ಲಿ ಚೀನಾದ ಅದೇ ಸರ್ಕಾರ ಕೋಟ್ಯಂತರ ಜನ ಸತ್ತ ಅಂತರ್ಯುದ್ಧವನ್ನೂ ನಡೆಸುತ್ತಿತ್ತು ಅನ್ನೋದು ಹೊಳೆಯಲೇ ಇಲ್ಲ. (ಆ ದಂಗೆಯ ನಾಯಕ ಹಾಂಗ್ ಶಿಯುಚ್ವಾನ್ ಸರ್ಕಾರಿ ಪರೀಕ್ಷೆಯಲ್ಲಿ ಮೇಲಿಂದ ಮೇಲೆ ಫೇಲಾದವನು. ಆಮೇಲೆ ತಾನು ಏಸುವಿನ ತಮ್ಮ ಅಂತ ಘೋಷಿಸಿಕೊಂಡ. ನಮ್ಮಲ್ಲಿ ಸದ್ಯ ಯಾರೂ ಅಲ್ಲಿವರೆಗೆ ಹೋಗಿಲ್ಲ.)

ಇನ್ನು ಜಪಾನ್ ನೋಟ್‌ಬುಕ್ಕಿನಲ್ಲಿ ಪೆರ್ರಿ ಮೊದಲ ಪುಟದಲ್ಲೇ ಇದ್ದ, ಅವನ ಅಕ್ಕಪಕ್ಕ ಇನ್ಯಾರೂ ಇರಲಿಲ್ಲ. ಅವನು ಎಡೋ (ಈಗಿನ ಟೋಕಿಯೊ) ಕೊಲ್ಲಿಗೆ ಬಂದ ಅದೇ ಜುಲೈನಲ್ಲಿ ರಷ್ಯಾದ ಸೈನ್ಯ ಪ್ರೂಟ್ ನದಿ ದಾಟಿ ತುರ್ಕರ ಕೈಕೆಳಗಿದ್ದ ಸಂಸ್ಥಾನಗಳಿಗೆ ನುಗ್ಗಿತ್ತು. ಕ್ರಿಮಿಯಾ ಯುದ್ಧ ಶುರುವಾಗಿದ್ದೇ ಅಲ್ಲಿಂದ. ಯುರೋಪಿನ ದೊಡ್ಡವರೆಲ್ಲ ಆಮೇಲೆ ಮೂರು ವರ್ಷ ಅದರಲ್ಲೇ ಮುಳುಗಿದ್ದರು.

1857 ನೋಡಿ. ಲಾರ್ಡ್ ಎಲ್ಗಿನ್ ಎಂಬ ರಾಯಭಾರಿಯ ಜೊತೆ ಎರಡನೇ ಅಫೀಮು ಯುದ್ಧಕ್ಕೆಂದು ಚೀನಾಕ್ಕೆ ಹೊರಟಿದ್ದ ಬ್ರಿಟಿಷ್ ಪಡೆಗಳನ್ನು ನಮ್ಮ ದಂಗೆ ಅಡಗಿಸಲು ಕಲ್ಕತ್ತೆಗೆ ತಿರುಗಿಸಿದರು. ಮರುವರ್ಷ ಜೂನ್‌ನಲ್ಲಿ ಟಿಯಾನ್‌ಜಿನ್‌ನಲ್ಲಿ ಚೀನಾದಿಂದ ಬಲವಂತದ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು. ಆ ಸುದ್ದಿ ಹಿಡಿದುಕೊಂಡು ಅಮೆರಿಕದ ಟೌನ್ಸೆಂಡ್ ಹ್ಯಾರಿಸ್ ಜಪಾನಿನವರ ಮುಂದೆ ಹೋದ. ಬ್ರಿಟಿಷ್, ಫ್ರೆಂಚ್ ಹಡಗುಗಳು ಬರುವ ಮೊದಲೇ ನನ್ನ ಜೊತೆ ಒಪ್ಪಂದ ಮಾಡಿಕೊಂಡರೆ ನಿಮಗೇ ಒಳ್ಳೆಯದು ಅಂತ ಹೆದರಿಸಿ ಜುಲೈನಲ್ಲಿ ಸಹಿ ಪಡೆದ. ಚೀನಾ ತಿಂದ ಹೊಡೆತವನ್ನು ಜಪಾನ್ ದೂರದಿಂದ ನೋಡಿ ಲೆಕ್ಕ ಹಾಕಿತು. ಚೀನಾಕ್ಕೆ ಹಾಗೆ ನೋಡಿ ಕಲಿಯಲು ಇನ್ನೊಂದು ಚೀನಾ ಇರಲಿಲ್ಲ.

ಜಪಾನ್ ಹಟ ಮಾಡಲಿಲ್ಲ ಅನ್ನೋದೂ ಸುಳ್ಳು. 1863ರಲ್ಲಿ ಚೋಶು ಪಾಳೆಯದವರು ವಿದೇಶಿ ಹಡಗುಗಳ ಮೇಲೆ ಫಿರಂಗಿ ಹಾರಿಸಿದರು, ಸತ್ಸುಮಾದವರು ಅದೇ ವರ್ಷ ಬ್ರಿಟಿಷ್ ನೌಕಾಪಡೆಯ ಜೊತೆಗೇ ಕಾದಾಡಿದರು. ಎರಡೂ ಕಡೆಯವರಿಗೆ ಪೆಟ್ಟು ಬಿತ್ತು. ಐದು ವರ್ಷದ ಮೇಲೆ ಮೇಜಿ ಸರ್ಕಾರ ಕಟ್ಟಿದವರು ಇದೇ ಎರಡು ಪಾಳೆಯದ ಜನ. ಚೀನಾ ಬದಲಾಗಲಿಲ್ಲ ಅನ್ನೋದಂತೂ ಇನ್ನೂ ದೊಡ್ಡ ಸುಳ್ಳು. ಶಾಂಘಾಯಿಯ ಜಿಯಾಂಗ್‌ನಾನ್ ಶಸ್ತ್ರಾಗಾರ ಶುರುವಾಗಿದ್ದು 1865ರಲ್ಲಿ, ಫುಝೌ ಹಡಗುಕಟ್ಟೆ 1866ರಲ್ಲಿ. ಎರಡೂ ಮೇಜಿಗಿಂತ ಮೊದಲು.

ನನ್ನನ್ನು ನಿಜಕ್ಕೂ ನಾಚಿಸಿದ್ದು ದುಡ್ಡಿನ ಲೆಕ್ಕ. ಸಂದರ್ಶನದಿಂದ ಬಂದು ಎರಡೂ ಲಾಂಗ್‌ಬುಕ್ ಎದುರುಬದುರು ತೆರೆದಿಟ್ಟೆ. ಚೀನಾದ್ದರಲ್ಲಿ ಹೀಗಿತ್ತು: "1895, ಜಪಾನ್ ಎದುರು ಯುದ್ಧದಲ್ಲಿ ಸೋತು ಶಿಮೊನೊಸೆಕಿ ಒಪ್ಪಂದ. ತೈವಾನ್ ಹೋಯಿತು, 20 ಕೋಟಿ ಟೇಲ್ ಬೆಳ್ಳಿ ಪರಿಹಾರ." ಒಂದು ಟೇಲ್ ಅಂದರೆ ಮೂರು ತೊಲಕ್ಕಿಂತ ಸ್ವಲ್ಪ ಹೆಚ್ಚು ಬೆಳ್ಳಿ. ಜಪಾನ್ ತಾನು ಪಡೆದಿದ್ದ ಲಿಯಾವೊಡಾಂಗ್ ಪ್ರದೇಶವನ್ನು ವಾಪಸ್ ಕೊಟ್ಟದ್ದಕ್ಕೆ ಮತ್ತೆ 3 ಕೋಟಿ. ಜಪಾನಿನದರಲ್ಲಿ ಹೀಗಿತ್ತು: "1897, ನಾಣ್ಯದ ಬೆಲೆ ಚಿನ್ನಕ್ಕೆ ಕಟ್ಟಿದ್ದು. 1901, ಯವಾತಾ ಉಕ್ಕಿನ ಕಾರ್ಖಾನೆ. ಕಾರಣ: ದೂರದೃಷ್ಟಿ." ದೂರದೃಷ್ಟಿಯಂತೆ! ಆ ಎರಡಕ್ಕೂ ಬಳಸಿದ್ದು ಚೀನಾದಿಂದ ಬಂದ ಹಣ. ಜಪಾನ್ ಸರ್ಕಾರದ ಒಂದು ವರ್ಷದ ಆದಾಯದ ಹಲವು ಪಟ್ಟು ಇತ್ತು ಅದು. ಪಕ್ಕದ ಮನೆಯವನ ಕಣಜ ಖಾಲಿ ಮಾಡಿ ತಂದು, ಅವನು ಸೋಮಾರಿ, ನಾನು ಕಷ್ಟಜೀವಿ ಅಂದ ಹಾಗೆ. ಆ ಕಣಜದ ಕಥೆಯನ್ನು ಒಂದು ಪುಸ್ತಕದಲ್ಲೂ ತುಂಬಿದ ಮನೆಯ ಕಥೆಯನ್ನು ಇನ್ನೊಂದರಲ್ಲೂ ನಾನೇ ಬರೆದಿಟ್ಟಿದ್ದೆ. ಸಾಲದ್ದಕ್ಕೆ 1901ರಲ್ಲಿ ವಿದೇಶಿಯರ ವಿರುದ್ಧ ಎದ್ದ ಬಾಕ್ಸರ್ ದಂಗೆಯ ನೆಪದಲ್ಲಿ ಹೊರದೇಶಗಳು ಚೀನಾದ ಮೇಲೆ ಇನ್ನೂ 45 ಕೋಟಿ ಟೇಲ್ ಹೇರಿದವು, 39 ವರ್ಷದ ಕಂತು. ಪಡೆದವರಲ್ಲಿ ಜಪಾನೂ ಒಂದು.

ನಮ್ಮ ಕಡೆ ಜಪಾನ್ ಅಂದರೆ ಎಲ್ಲರಿಗೂ ಒಂದು ಕೈ ಹೆಚ್ಚೇ ಪ್ರೀತಿ. ವಿಶ್ವೇಶ್ವರಯ್ಯನವರು 1898ರಲ್ಲೇ ಹೋಗಿ ನೋಡಿ ಬಂದವರು, ಕೈಗಾರಿಕೆ ಅಂದರೆ ಹೀಗೆ ಅಂತ ಮೆಚ್ಚಿದವರು. ಅವರನ್ನು ಅಲ್ಲಗಳೆಯುತ್ತಿಲ್ಲ. ಆದರೆ ಅವರು ಹೋದದ್ದು ಆ ಬೆಳ್ಳಿಯ ಹಣ ಜಪಾನಿಗೆ ಬಂದು ಸೇರಿದ ಹೊಸತರಲ್ಲಿ ಅನ್ನೋದನ್ನು ನನಗೆ ಪಾಠ ಮಾಡಿದ ಯಾವ ಮೇಷ್ಟ್ರೂ ಹೇಳಲಿಲ್ಲ.

ಇನ್ನು ಟರ್ಕಿ. ನೀವು ಬಿಡಬೇಕೆಂದಿರುವ ಈ ದೇಶವೇ ನಿಮ್ಮ ಆ ಮಾತನ್ನು ಸುಳ್ಳು ಮಾಡುವುದು. ಬದಲಾದವರು ಉಳಿದರು ಅಂತೀರಲ್ಲ, ತುರ್ಕರು ಸುಧಾರಣೆಯ ಗುಲ್ಹಾನೆ ಶಾಸನ ಹೊರಡಿಸಿದ್ದು 1839ರಲ್ಲಿ, ಮೇಜಿಗಿಂತ 29 ವರ್ಷ ಮೊದಲು. ಸಂವಿಧಾನ ತಂದದ್ದು 1876ರಲ್ಲಿ, ಅದೂ ಜಪಾನಿಗಿಂತ ಮೊದಲೇ. ಏನು ಉಪಯೋಗವಾಯಿತು? 1838ರ ವ್ಯಾಪಾರ ಒಪ್ಪಂದದಲ್ಲಿ ಸುಂಕ ಏರಿಸುವ ಹಕ್ಕು ಆಗಲೇ ಕೈತಪ್ಪಿತ್ತು. ಕ್ರಿಮಿಯಾ ಯುದ್ಧದ ಖರ್ಚಿಗೆ 1854ರಲ್ಲಿ ಮೊದಲ ವಿದೇಶಿ ಸಾಲ, 1875ರಲ್ಲಿ ತೀರಿಸಲಾಗದೆ ಕೈ ಎತ್ತಿದ್ದು, 1881ರಿಂದ ಸಾಲ ಕೊಟ್ಟವರೇ ಕೂತು ತೆರಿಗೆ ವಸೂಲಿ ಮಾಡುವ ಕಚೇರಿ. 1914ರಲ್ಲಿ ಮೊದಲ ಮಹಾಯುದ್ಧಕ್ಕಿಳಿದು, ಸೋತು, 1920ರ ಸೆವ್ರ್ ಒಪ್ಪಂದದ ಹೊತ್ತಿಗೆ ನಕ್ಷೆಯಲ್ಲಿ ಉಳಿದದ್ದು ಚೂರು. ಆ ಒಪ್ಪಂದವನ್ನು ಹರಿದು ಹಾಕಿಸಿದ್ದು ಸುಧಾರಣೆಯ ಕಾಗದವಲ್ಲ, ತುರ್ಕರ ನಾಯಕ ಮುಸ್ತಫಾ ಕೆಮಾಲನ ಯುದ್ಧ. 1923ರ ಲೌಸಾನ್ ಒಪ್ಪಂದ ಬಂದದ್ದು ಅದರಿಂದ. ಅಂದಹಾಗೆ 1918ರ ಸೆಪ್ಟೆಂಬರ್ 23ರಂದು ತುರ್ಕರ ಕೈಯಿಂದ ಹೈಫಾ ಪಟ್ಟಣ ಕಿತ್ತುಕೊಂಡ ಕುದುರೆ ಪಡೆಗಳಲ್ಲಿ ಜೋಧಪುರದವರ ಜೊತೆ ನಮ್ಮ ಮೈಸೂರು ಲ್ಯಾನ್ಸರ್ಸ್ ಕೂಡ ಇದ್ದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಸ್ಮಾರಕವಿದೆ, ಬಸ್ಸಿನಲ್ಲಿ ಹೋಗುವಾಗ ನೋಡಬಹುದು. ಇಂಥ ಟರ್ಕಿಯನ್ನು ಕನ್ನಡದ ಹುಡುಗರು ಬಿಡೋದು ಅಂದರೆ ಏನು ಹೇಳಲಿ.

ಆದ್ದರಿಂದ ಯಾವ ದೇಶ ಮೊದಲು ಅನ್ನೋ ಪ್ರಶ್ನೆಯನ್ನೇ ಬಿಟ್ಟುಬಿಡಿ. ಡ್ರಾಯಿಂಗ್ ಶೀಟ್ ತಂದು ಅಡ್ಡಲಾಗಿ ಇಡಿ, ಮೇಲೆ ಇಸವಿ, ಕೆಳಗೆ ನಾಲ್ಕು ಸಾಲು: ಚೀನಾ, ಜಪಾನ್, ಟರ್ಕಿ, ಭಾರತ. ಭಾರತ ಯಾಕೆ ಅಂದರೆ ಅಫೀಮು ಬೆಳೆದದ್ದು ನಮ್ಮ ಬಿಹಾರ, ಬನಾರಸ್, ಮಾಳವದಲ್ಲಿ, ಹಡಗು ಹತ್ತಿದ್ದು ಕಲ್ಕತ್ತೆ, ಬೊಂಬಾಯಿಯಲ್ಲಿ. 1839ರಿಂದ ಶುರು ಮಾಡಿ. ಆ ಜೂನ್‌ನಲ್ಲಿ ಚೀನಾದ ಹುಮೆನ್‌ನಲ್ಲಿ ಅಲ್ಲಿನ ಸರ್ಕಾರದ ಅಧಿಕಾರಿ ಲಿನ್ ಝೆಶು ಹೊಂಡ ತೋಡಿಸಿ, ನೀರು ಬಿಟ್ಟು, ಉಪ್ಪು ಸುರಿದು, ವಿದೇಶಿ ವ್ಯಾಪಾರಿಗಳಿಂದ ವಶಪಡಿಸಿಕೊಂಡ 20,000ಕ್ಕೂ ಹೆಚ್ಚು ಪೆಟ್ಟಿಗೆಯ ಅಫೀಮನ್ನು ಒಡೆಸಿ ಹಾಕಿಸಿ, ಮೇಲೆ ಸುಣ್ಣ ಹಾಕಿ ಕಲಕಿಸಿ ಸಮುದ್ರಕ್ಕೆ ಬಿಡಿಸಿದ. ಅದಕ್ಕೆ ಮೊದಲು ಸಮುದ್ರ ದೇವರಿಗೆ ಪೂಜೆ ಮಾಡಿ, ಹೊಲಸು ಬಿಡುತ್ತಿದ್ದೇನೆ, ನಿನ್ನ ಜೀವಿಗಳನ್ನು ಸ್ವಲ್ಪ ದೂರ ಕಳಿಸು ಅಂತ ಬೇಡಿಕೊಂಡಿದ್ದ. ಅದೇ ವರ್ಷ ನವೆಂಬರಿನಲ್ಲಿ ಇಸ್ತಾಂಬುಲ್‌ನಲ್ಲಿ ಗುಲ್ಹಾನೆ ಶಾಸನ ಓದಿದರು. ಎರಡನ್ನೂ ಒಂದರ ಕೆಳಗೊಂದು ಬರೆದರೆ ನಿಮಗೇ ಪ್ರಶ್ನೆ ಹುಟ್ಟುತ್ತವೆ.

1914ರಿಂದ 1923ರ ಭಾಗಕ್ಕೆ ಶೀಟಿನಲ್ಲಿ ಜಾಸ್ತಿ ಜಾಗ ಬಿಡಿ. ಜಪಾನ್ 1914ರಲ್ಲಿ ಜರ್ಮನರಿಂದ ಚೀನಾದ ಶಾನ್‌ಡಾಂಗ್ ಪ್ರಾಂತ್ಯದ ಚಿಂಗ್‌ಡಾವೊ ಕಸಿದುಕೊಂಡಿತು, 1915ರಲ್ಲಿ ಚೀನಾದ ಮುಂದೆ 21 ಬೇಡಿಕೆ ಇಟ್ಟಿತು. ಚೀನಾ ಮಿತ್ರಪಕ್ಷದ ಕೆಲಸಕ್ಕೆ ಸುಮಾರು 1,40,000 ಕೂಲಿಗಳನ್ನು ಫ್ರಾನ್ಸಿಗೆ ಕಳಿಸಿತು, 1917ರಲ್ಲಿ ತಾನೂ ಯುದ್ಧ ಸಾರಿತು. ಆದರೂ ಯುದ್ಧ ಮುಗಿದ ಮೇಲೆ ವರ್ಸೈ ಒಪ್ಪಂದದಲ್ಲಿ ಶಾನ್‌ಡಾಂಗ್ ಹಕ್ಕು ಜಪಾನಿಗೆ ಹೋಯಿತು. 1919ರ ಮೇ 4ರಂದು ಬೀಜಿಂಗಿನ ವಿದ್ಯಾರ್ಥಿಗಳು ಬೀದಿಗಿಳಿದದ್ದು ಅದಕ್ಕೇ. ಚೀನಾದಲ್ಲಿ ಕಮ್ಯುನಿಸ್ಟ್ ಪಕ್ಷ ಯಾಕೆ ಹುಟ್ಟಿತು ಅನ್ನೋ ಪ್ರಶ್ನೆಗೆ ರಷ್ಯಾದ ಕ್ರಾಂತಿಯೊಂದನ್ನೇ ಕಾರಣವಾಗಿ ಬರೆಯುವವರು ಈ ಸಾಲನ್ನು ನೋಡಿಯೇ ಇರುವುದಿಲ್ಲ.

ಸಮಯವಿಲ್ಲ, ಏನಾದರೂ ಬಿಡಲೇಬೇಕು ಅಂದರೆ ಮೇಜಿ ಸಂವಿಧಾನದ ವಿಧಿಗಳು, ಚೀನಾದ ಚಿಂಗ್ ಅರಸರ ಹೆಸರಿನ ಪಟ್ಟಿ, ಯುದ್ಧಗಳ ಒಂದೊಂದು ಕಾಳಗದ ವಿವರ, ಇವನ್ನು ಬಿಡಿ. ನಾನೀಗ ಬೇರೆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ, ಸಂಬಳದ ವಿಷಯ ಕೇಳಬೇಡಿ. ಪಾಠ ಮಾತ್ರ ಹೀಗೆಯೇ ಮಾಡುತ್ತೇನೆ. ಶೀಟ್ ಒಮ್ಮೆ ತುಂಬಿಸಿ ಫೋಟೋ ತೆಗೆದು ಇಲ್ಲೇ ಹಾಕಿ, ಎಲ್ಲಿ ಖಾಲಿ ಉಳಿದಿದೆ ಅಂತ ನೋಡಿ ಹೇಳುತ್ತೇನೆ.