ಸಂಪಾದಕರ ಉತ್ತರ: ಕೈ ಹಿಡಿಯುವುದೂ ದೆವ್ವ ಹಿಡಿಯುವುದೂ

ಕುಮಟಾದ ಓದುಗ ಸೋದರಿಗೆ ನಮಸ್ಕಾರಗಳು.

ಕಳೆದ ಸಂಚಿಕೆಯ ಸಿನಿಮಾ ಅಂಕಣದಲ್ಲಿ ನಾವು ಪ್ರಸ್ತಾಪಿಸಿದ್ದ ‘ಪೊಸೆಷನ್’ ಚಿತ್ರವನ್ನು ಆಷಾಢದ ಮಳೆಯ ರಾತ್ರಿಯೊಂದರಲ್ಲಿ ಯಜಮಾನರೊಡನೆ ಕುಳಿತು ನೋಡಿದಿರೆಂದೂ, ಅವರು ನಡುವೆಯೇ ಎದ್ದು ಹೋಗಿ ಮಲಗಿದರೆಂದೂ, ತಾವೊಬ್ಬರೇ ಕೊನೆಯವರೆಗೆ ನೋಡಿಯೂ ತಲೆಬುಡ ತಿಳಿಯಲಿಲ್ಲವೆಂದೂ ಬರೆದಿದ್ದೀರಿ. “ಒಂದು ಗಂಟೆ ಇಪ್ಪತ್ತು ನಿಮಿಷ ಗಂಡ ಹೆಂಡಿರ ಕಿರುಚಾಟ, ನಡುವೆ ಒಂದು ಲೋಳೆಲೋಳೆ ಪ್ರಾಣಿ, ಆ ನಟಿಯದಂತೂ ಅತಿಯಾದ ಅಭಿನಯ, ಇದು ಸಂಸಾರದ ಕತೆಯೋ ದೆವ್ವದ ಕತೆಯೋ?” ಎಂಬುದು ತಮ್ಮ ಪ್ರಶ್ನೆ.

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುತ್ತೇವೆ. ತಾವು ಹೇಳಿದ ಅವಧಿಯನ್ನು ನೋಡಿದರೆ ತಮಗೆ ಸಿಕ್ಕಿದ್ದು 1983ರಲ್ಲಿ ಅಮೆರಿಕದ ಬಿಡುಗಡೆಗಾಗಿ 81 ನಿಮಿಷಕ್ಕೆ ಇಳಿಸಿದ ಪ್ರತಿಯಿರಬೇಕು. ಪೋಲೆಂಡಿನ ನಿರ್ದೇಶಕ ಆಂದ್ಜೆಯ್ ಜುಲಾವ್‌ಸ್ಕಿ 1981ರಲ್ಲಿ ತೆರೆಗೆ ತಂದ ಮೂಲ ಚಿತ್ರ ಎರಡು ಗಂಟೆಗೂ ಮೀರಿದ್ದು. ಕತ್ತರಿ ಹಿಡಿದವರು ಜಗಳದ ಏರಿಳಿತವನ್ನೇ ಕಿತ್ತು, ಉಳಿದದ್ದನ್ನು ಮಾಮೂಲಿ ಭೂತದ ಚಿತ್ರದಂತೆ ಮಾರಲು ಹೊರಟರು. ಯಾವ ಪ್ರತಿಯನ್ನು ನೋಡಬೇಕೆಂದು ಅಂಕಣದಲ್ಲಿ ನಾವು ತಿಳಿಸಬೇಕಿತ್ತು.

ಇನ್ನು ತಮ್ಮ ಪ್ರಶ್ನೆ. ಶೀರ್ಷಿಕೆಯ ಆ ಇಂಗ್ಲಿಷ್ ಪದಕ್ಕೆ ಒಡೆತನ ಎಂಬ ಅರ್ಥವೂ ಉಂಟು, ಮೈಮೇಲೆ ಬರುವುದು ಎಂಬ ಅರ್ಥವೂ ಉಂಟು. ನಮ್ಮ ನುಡಿಯಲ್ಲಂತೂ ಒಂದೇ ಕ್ರಿಯಾಪದ ಎರಡು ಕಡೆಯೂ ದುಡಿಯುತ್ತದೆ: ದೆವ್ವವೂ ಹಿಡಿಯುತ್ತದೆ, ಮದುವೆಯಲ್ಲಿ ಕೈಯನ್ನೂ ಹಿಡಿಯುತ್ತೇವೆ. ಹೀಗಾಗಿ ‘ಸಂಸಾರವೋ ದೆವ್ವವೋ’ ಎಂದು ಆರಿಸಿಕೊಳ್ಳುವ ಅಗತ್ಯ ನಮಗೆ ಕಾಣುವುದಿಲ್ಲ.

ಗೂಢಚಾರಿಕೆಯ ಕೆಲಸ ಮುಗಿಸಿ ಪಶ್ಚಿಮ ಬರ್ಲಿನ್ನಿಗೆ ಮರಳುವ ಮಾರ್ಕ್‌ಗೆ ಹೆಂಡತಿ ಆನಾ ತಾನು ಬಿಟ್ಟುಹೋಗುವೆನೆನ್ನುತ್ತಾಳೆ; ಏಕೆಂದು ಹೇಳಲು ಅವಳಿಂದ ಆಗುವುದಿಲ್ಲ. ಮನೆಯ ಕಿಟಕಿಯಾಚೆಗೆ ಊರನ್ನು ಎರಡಾಗಿ ಸೀಳಿದ ಗೋಡೆ, ಅದರಾಚೆ ದುರ್ಬೀನು ಹಿಡಿದ ಕಾವಲುಗಾರರು. ಹೋಟೆಲೊಂದರಲ್ಲಿ ಇಬ್ಬರೂ ಭೇಟಿಯಾಗುವ ದೃಶ್ಯವನ್ನು ತಾವು ನೆನಪಿಸಿಕೊಳ್ಳಬೇಕು. ಮಗ ಯಾರ ಬಳಿ ಇರಬೇಕೆಂಬ ಮಾತು ನಡೆಯುತ್ತಿರುವಾಗ ಅವರು ಎದುರುಬದುರು ಕೂರದೆ, ಮೂಲೆಯ ಆಸನದ ಎರಡು ಬದಿಗಳಲ್ಲಿ ಒಬ್ಬರ ಮುಖ ಇನ್ನೊಬ್ಬರಿಗೆ ಕಾಣದಂತೆ ಕುಳಿತಿರುತ್ತಾರೆ. ಅಲ್ಲಿ ರಕ್ತವಿಲ್ಲ, ಪ್ರಾಣಿಯೂ ಇಲ್ಲ. ಆದರೂ ಇಡೀ ಚಿತ್ರದಲ್ಲಿ ನಮಗೆ ಹೆಚ್ಚು ಹೆದರಿಕೆಯಾದದ್ದು ಆ ಹೊತ್ತಿನಲ್ಲೇ, ಏಕೆಂದರೆ ವ್ಯವಹಾರದ ಆ ತಣ್ಣನೆಯ ದನಿಯನ್ನು ನಾವು ನಮ್ಮ ನೆಂಟರಿಷ್ಟರ ಜಗಲಿಗಳಲ್ಲೂ ಕೇಳಿದ್ದೇವೆ.

ಆ ಪ್ರಾಣಿ ಏಕೆ ಬೇಕಿತ್ತೆಂದರೆ (ಚಿತ್ರ ನೋಡದವರು ಈ ಪ್ಯಾರಾವನ್ನು ಬಿಡಬಹುದು), ಅದು ಕೊನೆಗೆ ಯಾರ ರೂಪ ತಾಳುತ್ತದೆಂಬುದನ್ನು ಗಮನಿಸಿ: ಸಾಕ್ಷಾತ್ ಗಂಡನದೇ. ಇತ್ತ ಮಗನ ಶಾಲೆಯ ಶಿಕ್ಷಕಿ ಹೆಲೆನ್ ಎಂಬವಳು ಆನಾಳ ಪಡಿಯಚ್ಚು, ಆದರೆ ಹಸಿರುಗಣ್ಣಿನ ಶಾಂತ ಹೆಂಗಸು, ಮನೆಗೆ ಬಂದವಳು ಪಾತ್ರೆಯನ್ನೂ ತೊಳೆಯುತ್ತಾಳೆ. ಎರಡು ಪಾತ್ರಗಳನ್ನೂ ಇಸಾಬೆಲ್ ಅಜಾನಿಯವರೇ ಮಾಡಿದ್ದಾರೆ. ಹೆಂಡತಿ ತನಗೊಪ್ಪುವ ಗಂಡನನ್ನು ಕತ್ತಲ ಕೋಣೆಯಲ್ಲಿ ಬೆಳೆಸುತ್ತಾಳೆ, ಗಂಡನಿಗೆ ತಾನು ಬಯಸಿದಂಥ ಹೆಂಡತಿ ಹಗಲಿನಲ್ಲೇ ದೊರಕುತ್ತಾಳೆ. ಜೊತೆಗೆ ಬಾಳಿದ ನಿಜವಾದ ಇಬ್ಬರೂ ಮೆಟ್ಟಿಲ ಮೇಲೆ ಸಾಯುತ್ತಾರೆ. ಗಂಡನ ರೂಪದ ಆ ಪ್ರಾಣಿ ಮನೆಗೆ ಬಂದಾಗ ಬಾಗಿಲು ತೆರೆಯಬೇಡವೆಂದು ಹೆಲೆನ್‌ಳನ್ನು ಗೋಗರೆಯುವವನು ಮಗನೊಬ್ಬನೇ. (ಆ ಪ್ರಾಣಿಯನ್ನು ರೂಪಿಸಿದವರು ಕಾರ್ಲೊ ರಾಂಬಾಲ್ಡಿ. ಮರುವರ್ಷ ‘ಇ.ಟಿ.’ ಚಿತ್ರಕ್ಕಾಗಿ ಮಕ್ಕಳ ಮುದ್ದಿನ ಆ ಅನ್ಯಗ್ರಹ ಜೀವಿಯನ್ನು ಮಾಡಿಕೊಟ್ಟವರೂ ಅವರೇ.)

ಅಭಿನಯ ಅತಿಯಾಯಿತೆಂಬ ತಮ್ಮ ಮಾತನ್ನು ಮಾತ್ರ ನಾವು ಒಪ್ಪಲಾರೆವು. ಸುರಂಗ ರೈಲಿನ ನಿಲ್ದಾಣದ ಹಾದಿಯಲ್ಲಿ ಹಾಲು, ಮೊಟ್ಟೆಗಳ ಚೀಲವನ್ನು ಗೋಡೆಗೆ ಅಪ್ಪಳಿಸಿ ಆನಾ ನಿಮಿಷಗಟ್ಟಲೆ ಹೊರಳಾಡುವ ದೃಶ್ಯ ಸಹಜವಲ್ಲ, ನಿಜ. ಆದರೆ ಯಕ್ಷಗಾನದಲ್ಲಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನು ನಿದ್ದೆಗೆಟ್ಟು ನೋಡಿದ ಜಿಲ್ಲೆಯವರು ನಾವು. ಕಾಮಾತುರನಾದ ಕೀಚಕ ನಮ್ಮ ನಿಮ್ಮಂತೆ ನಡೆದಾಡಲಿ ಎಂದು ಯಾರೂ ಕೇಳಿದ್ದಿಲ್ಲ. ಬಾಯಿ ಹೇಳಲಾರದ್ದನ್ನು ಮೈ ಹೇಳುವುದಕ್ಕೆ ಆ ಅಳತೆಯೇ ಬೇಕು. 1981ರ ಕಾನ್ ಚಿತ್ರೋತ್ಸವದಲ್ಲಿ ಅಜಾನಿಯವರಿಗೆ ಶ್ರೇಷ್ಠ ನಟಿ ಪ್ರಶಸ್ತಿ ಬಂದದ್ದು ಈ ಚಿತ್ರ ಮತ್ತು ಇನ್ನೊಂದು ಚಿತ್ರದ ಅಭಿನಯಕ್ಕೆ.

ದೋಷಗಳಿಲ್ಲವೆಂದಲ್ಲ. ಗೂಢಚಾರಿಕೆಯ ಎಳೆ ತೆಳುವಾಗಿದೆ. ಅದಕ್ಕಿಂತ ದೊಡ್ಡ ಕೊರತೆಯೆಂದರೆ, ಸ್ವಂತ ದಾಂಪತ್ಯ ಮುರಿದ ಬಳಿಕ ನಿರ್ದೇಶಕರು ಬರೆದ ಈ ಕತೆಯಲ್ಲಿ ನಾವು ಬಹುಪಾಲು ಗಂಡನ ಬೆನ್ನ ಹಿಂದೆಯೇ ಅಲೆಯುತ್ತೇವೆ. ಆನಾಳ ಮನಸ್ಸು ಗಂಡನಿಗೆ ತಿಳಿಯದಷ್ಟೇ ನಮಗೂ ತಿಳಿಯದೆ ಉಳಿಯುತ್ತದೆ. ಇಂಥದ್ದನ್ನು ಸಂಸಾರಸ್ಥರಾದ ತಾವು ಹೆಣ್ಣಿನ ಕಣ್ಣಿನಿಂದ ಹೇಗೆ ಕಂಡಿರೆಂಬುದನ್ನು ವಿವರವಾಗಿ ಬರೆದರೆ ಪ್ರಕಟಿಸುತ್ತೇವೆ.

ಯಜಮಾನರು ಎದ್ದು ಹೋದದ್ದು ಯಾವ ದೃಶ್ಯಕ್ಕೆ ಎಂಬುದನ್ನು ತಾವು ಪತ್ರದಲ್ಲಿ ತಿಳಿಸಿಲ್ಲ. ಅದು ಪ್ರಾಣಿ ಕಾಣಿಸಿಕೊಳ್ಳುವುದಕ್ಕೆ ಮೊದಲೋ ಆಮೇಲೋ ಎಂದು, ಅವರ ಅಭ್ಯಂತರವಿಲ್ಲದಿದ್ದರೆ, ಮುಂದಿನ ಪತ್ರದಲ್ಲಿ ಬರೆಯಿರಿ.