ಮೂವತ್ತು ಪ್ರಶ್ನೆ, ಕೊನೆಯ ಭಾನುವಾರ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಡಾ. ಸ. ಅವರಿಗೆ ಐವತ್ತು ದಾಟಿದೆ. ಎಂಬಿಬಿಎಸ್ ಓದಿದ್ದು ದಾವಣಗೆರೆಯಲ್ಲಿ, ಈಗ ಅಮೆರಿಕದ ಒಹಾಯೋದಲ್ಲಿ ಇಂಟರ್ನಲ್ ಮೆಡಿಸಿನ್ (ದೊಡ್ಡವರ ಕಾಯಿಲೆಗಳ ಚಿಕಿತ್ಸೆ) ವೈದ್ಯೆ. ನಿದ್ದೆ ಬರುತ್ತಿಲ್ಲ ಎಂದು ವಿಡಿಯೊ ಕರೆಯಲ್ಲಿ ನನ್ನ ಬಳಿ ಸಲಹೆಗೆ ಬಂದವರು ಎರಡನೇ ಭೇಟಿಯಲ್ಲಿ ಬಾಯಿಬಿಟ್ಟರು: "ಈ ಬೋರ್ಡಿನವ್ರು ಸಾಯೋತನಕ ಪರೀಕ್ಷೆ ಬರೆಸ್ತಾರೆ ಮೇಡಂ. ನಮ್ಮ ಸೀನಿಯರ್ ಒಬ್ರು 1990ಕ್ಕಿಂತ ಮುಂಚೆ ಪಾಸಾದವ್ರು, ಅವ್ರಿಗೆ ಇದ್ಯಾವ್ದೂ ಇಲ್ಲ."

ಸಿಟ್ಟಿನಲ್ಲಿ ಹುರುಳಿದೆ. ಅಮೆರಿಕನ್ ಬೋರ್ಡ್ ಆಫ್ ಇಂಟರ್ನಲ್ ಮೆಡಿಸಿನ್ ತಾನು ತಜ್ಞವೈದ್ಯರಿಗೆ ಕೊಡುವ ಪ್ರಮಾಣಪತ್ರಕ್ಕೆ 1990ರಿಂದ ಹತ್ತು ವರ್ಷದ ಗಡುವು ಹಾಕಿ ಮತ್ತೆ ಪರೀಕ್ಷೆ ಬರೆಸತೊಡಗಿತು, ಹಳಬರನ್ನು ಬಿಟ್ಟಿತು. 2014ರಲ್ಲಿ ನಿಯಮ ಬಿಗಿ ಮಾಡಿ, ವೈದ್ಯರು ತಿರುಗಿಬಿದ್ದ ಮೇಲೆ 2015ರಲ್ಲಿ ತಪ್ಪಾಯಿತೆಂದು ತಾನೇ ಒಪ್ಪಿಕೊಂಡಿತು. ದೊಡ್ಡ ಪರೀಕ್ಷೆ ಬೇಡವೆನ್ನುವವರಿಗೆ 2022ರಿಂದ ಮೂರು ತಿಂಗಳಿಗೆ 30 ಪ್ರಶ್ನೆಗಳಂತೆ ಐದು ವರ್ಷ ಉತ್ತರಿಸುವ ದಾರಿಯೂ ಇದೆ. ಡಾ. ಸ. ಹಿಡಿದದ್ದು ಈ ದಾರಿಯನ್ನೇ.

ಆದರೆ ನಿದ್ದೆ ಕೆಡಿಸುತ್ತಿದ್ದದ್ದು ಬೋರ್ಡಿಗಿಂತ ಅವರ ಅಭ್ಯಾಸ. ಮೂವತ್ತನ್ನೂ ಗಡುವಿನ ಕೊನೆಯ ಭಾನುವಾರ ರಾತ್ರಿಗೆ ಉಳಿಸಿಕೊಳ್ಳುವುದು. ಒಂದಕ್ಕೆ ನಾಲ್ಕೇ ನಿಮಿಷ. ಉತ್ತರ ತಪ್ಪಿದರೆ ಕೂಡಲೇ ವಿವರಣೆ ಬರುತ್ತದೆ, ಇವರು ಅದನ್ನು ಓದದೆ ಮುಂದಕ್ಕೆ ಒತ್ತಿಬಿಡುತ್ತಿದ್ದರು. "ಓದಿದ್ರೆ ಅವಮಾನ ಆಗುತ್ತೆ." ಪಿಯುಸಿಯಲ್ಲಿ ರ್‍ಯಾಂಕ್ ಬಂದವರಲ್ಲಿ ಈ ಪಾಡು ಸಾಕಷ್ಟು ನೋಡಿದ್ದೇನೆ. ಕಲಿಯುವುದೆಲ್ಲ ಇದ್ದದ್ದು ಆ ವಿವರಣೆಯಲ್ಲೇ.

ನಾನು ಹೇಳಿದ್ದಿಷ್ಟು: ವಾರಕ್ಕೆ ಮೂರೇ ಪ್ರಶ್ನೆ, ಮಂಗಳವಾರ ಸಂಜೆ. ತಪ್ಪಿದ್ದರ ವಿವರಣೆ ಓದಿ, ಅದು ಯಾವ ಕಾಯಿಲೆಯದೆಂದು ಬರೆದಿಟ್ಟ ಮೇಲೆಯೇ ಮುಂದಿನದು. ಪುಸ್ತಕ ತೆರೆದು ನೋಡಲು ಅನುಮತಿಯಿದೆ, ನೋಡಿ. ಹೃದ್ರೋಗ ತಜ್ಞರಾದ ಯಜಮಾನರನ್ನು ಕೇಳುವಂತಿಲ್ಲ. ಅವರು ಆ ಹೊತ್ತು ಅಡುಗೆಮನೆ ನೋಡಿಕೊಳ್ಳಲಿ. ಐದು ವರ್ಷದ 600 ಪ್ರಶ್ನೆಗಳಲ್ಲಿ ನೂರನ್ನು ತೆರೆಯದೆ ಬಿಡಬಹುದು. ತಾಯಿಯನ್ನು ನೋಡಿಕೊಳ್ಳಲು ಊರಿಗೆ ಬಂದಾಗ ಧೈರ್ಯವಾಗಿ ಬಿಡಿ. ಪಾಸೋ ಫೇಲೋ ತೀರ್ಮಾನವಾಗುವುದು ಐದನೇ ವರ್ಷದ ಕೊನೆಗೆ, ಒಂದು ಭಾನುವಾರ ರಾತ್ರಿಯಲ್ಲ. ಲೈಸೆನ್ಸ್ ಕೊಡುವುದೂ ರಾಜ್ಯದ ಮಂಡಳಿ, ಈ ಬೋರ್ಡಲ್ಲ. ಹಾಗೆಂದು ಕೈಬಿಡಿ ಎನ್ನಲಾರೆ. ಎಷ್ಟೋ ಆಸ್ಪತ್ರೆ, ವಿಮಾ ಕಂಪನಿಗಳು ಪ್ರಮಾಣಪತ್ರ ಕೇಳುತ್ತವೆ.

ಮುಂದಿನ ಸಲ ಬಂದಾಗ ಕೈಯಲ್ಲಿ ಪಟ್ಟಿಯಿತ್ತು. ಥೈರಾಯ್ಡ್ ಮತ್ತೆ ಮತ್ತೆ ತಪ್ಪುತ್ತಿದೆ ಎಂದು ಅದರಿಂದ ತಿಳಿದು, ಸಿಎಂಇಗೆ (ವೈದ್ಯರ ಮುಂದುವರಿದ ಕಲಿಕೆಗೆ) ಅದೇ ವಿಷಯ ಆರಿಸಿಕೊಂಡಿದ್ದರು. ನಿದ್ದೆ ಪರವಾಗಿಲ್ಲವಂತೆ. ಬೋರ್ಡಿನ ಮೇಲಿನ ಸಿಟ್ಟು ಮಾತ್ರ ಹಾಗೇ ಇದೆ, ಅದನ್ನು ಇಳಿಸಲು ನಾನೂ ಹೋಗಿಲ್ಲ.