ಪ್ರಾಡಿಜಿ ಬ್ಯಾಂಡ್‌ನ ಆಲ್ಬಂಗಳನ್ನು ವಿಮರ್ಶಕರು ಹೇಗೆ ನೋಡಿದರು, ಅಭಿಮಾನಿಗಳು ಹೇಗೆ ನೋಡಿದರು?

ನೀವು ಕೇಳಿರುವುದು ಇಷ್ಟು: 'ಫೈರ್‌ಸ್ಟಾರ್ಟರ್' ಕೇಳಿ ಬ್ರಿಟನ್ನಿನ ಪ್ರಾಡಿಜಿ ಬ್ಯಾಂಡ್ ನಿಮಗೆ ತುಂಬಾ ಹಿಡಿಸಿದೆ. ಆದರೆ 1997ರ ನಂತರ ಅವರು ಮಾಡಿದ್ದೆಲ್ಲ ದಂಡ ಅಂತ ಒಬ್ಬ ಗೆಳೆಯ ಹೇಳುತ್ತಾನೆ. ಅವರ ಆಲ್ಬಂಗಳೆಲ್ಲ ನಂಬರ್ ಒನ್ ಆಗಿವೆ ಅಂತ ಇನ್ನೊಬ್ಬ ಹೇಳುತ್ತಾನೆ. ಯಾರನ್ನು ನಂಬಬೇಕು?

ಎರಡನೆಯವನ ಮಾತು ಹೆಚ್ಚುಕಡಿಮೆ ಸರಿ. ಪ್ರಾಡಿಜಿಯ ಸ್ಟುಡಿಯೋ ಆಲ್ಬಂಗಳು ಒಟ್ಟು 7. ಮೊದಲನೆಯದೊಂದನ್ನು ಬಿಟ್ಟರೆ ಉಳಿದ ಆರೂ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಒಂದನೇ ಸ್ಥಾನ ಮುಟ್ಟಿದವು. ಆದರೆ ವಿಮರ್ಶಕರು ಮನಸಾರೆ ಹೊಗಳಿದ್ದು ಮುಖ್ಯವಾಗಿ ಎರಡನ್ನು. ನಾನು ಈ ಬ್ಯಾಂಡನ್ನು ಕ್ಯಾಸೆಟ್ ಕಾಲದಿಂದ ಕೇಳುತ್ತಾ ಬಂದವನು. ಹಿಂತಿರುಗಿ ನೋಡಿದರೆ ನನಗೆ ಒಂದು ವಿಷಯ ಎದ್ದು ಕಾಣುತ್ತದೆ. ಇವರ ಒಂದೊಂದು ಆಲ್ಬಮ್ಮೂ ಹಿಂದಿನದಕ್ಕೆ ತಿಂದ ಬೈಗುಳಕ್ಕೆ ಕೊಟ್ಟ ಉತ್ತರದ ಹಾಗಿದೆ. ಒಮ್ಮೆ ಬೈದವರು ಪತ್ರಿಕೆಯವರು, ಇನ್ನೊಮ್ಮೆ ಅಭಿಮಾನಿಗಳೇ. ಯಾರಿಗೆ ಉತ್ತರ ಕೊಡುತ್ತಿದ್ದಾರೆ ಅನ್ನುವುದರ ಮೇಲೆ ಆಲ್ಬಮ್ಮಿನ ಹಣೆಬರಹ ನಿಂತಿತ್ತು.

ಮೊದಲು ಸ್ವಲ್ಪ ಹಿನ್ನೆಲೆ. ಇಂಗ್ಲೆಂಡಿನ ಎಸೆಕ್ಸ್ ಸೀಮೆಯಲ್ಲಿ ಬ್ರೈನ್‌ಟ್ರೀ ಅಂತ ಒಂದು ಊರಿದೆ. ಅಲ್ಲಿಯ ಲಿಯಾಮ್ ಹೌಲೆಟ್ ಮನೆಯಲ್ಲೇ ಕೂತು ರೋಲ್ಯಾಂಡ್ ಡಬ್ಲ್ಯು-30 ಎಂಬ ಕೀಬೋರ್ಡಿನಲ್ಲಿ ಟ್ಯೂನ್ ಕಟ್ಟುತ್ತಿದ್ದ. ಹಳೆ ರೆಕಾರ್ಡುಗಳಿಂದ ಒಂದು ಚೂರು ಡ್ರಮ್ಮು, ಒಂದು ಚೂರು ದನಿ ಕತ್ತರಿಸಿ, ವೇಗ ಏರಿಸಿ, ಮತ್ತೆ ಮತ್ತೆ ಸುತ್ತಿಸುವ ಕೆಲಸ ಅದು. ಬ್ಯಾಂಡಿನ ಹೆಸರು ಬಂದದ್ದೂ ಮೂಗ್ ಕಂಪನಿಯ ಒಂದು ಸಿಂಥಸೈಜರಿನಿಂದ. ಕೀತ್ ಫ್ಲಿಂಟ್, ಲೀರಾಯ್ ಥಾರ್ನ್‌ಹಿಲ್ ಆಗ ಬರೀ ಕುಣಿಯುವವರು. ಮ್ಯಾಕ್ಸಿಮ್ ಮೈಕ್ ಹಿಡಿದು ಜನರನ್ನು ಹುರಿದುಂಬಿಸುವವನು. ಅಂದರೆ ಸಂಗೀತ ಮಾಡುವವನು ಒಬ್ಬ, ವೇದಿಕೆ ತುಂಬುವವರು ಉಳಿದವರು. ಈ ಏರ್ಪಾಡನ್ನು ನೆನಪಿಟ್ಟುಕೊಳ್ಳಿ, ಮುಂದಿನ ಜಗಳಗಳೆಲ್ಲ ಇದರಿಂದಲೇ ಹುಟ್ಟಿದ್ದು.

1991ರಲ್ಲಿ ಅವರ 'ಚಾರ್ಲಿ' ಹಾಡು ಬ್ರಿಟನ್ನಿನಲ್ಲಿ 3ನೇ ಸ್ಥಾನಕ್ಕೆ ಏರಿತು. ಮಕ್ಕಳಿಗೆ ಎಚ್ಚರಿಕೆ ಹೇಳುವ ಹಳೆಯ ಸರ್ಕಾರಿ ಕಾರ್ಟೂನಿನ ಬೆಕ್ಕಿನ ದನಿ ಅದರಲ್ಲಿತ್ತು. ಅದನ್ನು ನೋಡಿ ಮಕ್ಕಳ ಟಿವಿ ಕಾರ್ಯಕ್ರಮಗಳ ತುಣುಕು ಹಾಕಿದ ರೇವ್ ಹಾಡುಗಳು ಸಾಲಾಗಿ ಬಂದವು. ರೇವ್ ಅಂದರೆ ಆಗ ಗೋದಾಮು, ಹೊಲ, ಬಯಲಿನಲ್ಲಿ ರಾತ್ರಿಯಿಡೀ ನಡೆಯುತ್ತಿದ್ದ ಕುಣಿತ. ಅದರ ಮರ್ಯಾದೆ ಹಾಳಾಯಿತು ಅಂತ ಡ್ಯಾನ್ಸ್ ಪತ್ರಿಕೆಗಳಿಗೆ ಸಿಟ್ಟು ಬಂತು. 1992ರಲ್ಲಿ ಮಿಕ್ಸ್‌ಮ್ಯಾಗ್ ಪತ್ರಿಕೆ ಮುಖಪುಟದಲ್ಲೇ ಕೇಳಿತು: ರೇವನ್ನು ಕೊಂದದ್ದು ಚಾರ್ಲಿಯೇ? ಅದೇ ವರ್ಷ ಮೊದಲ ಆಲ್ಬಂ 'ಎಕ್ಸ್‌ಪೀರಿಯನ್ಸ್' ಬಂತು. ಪಟ್ಟಿಯಲ್ಲಿ 12ರವರೆಗೆ ಹೋಯಿತು. ರೇವ್‌ಗೆ ಹೋಗುತ್ತಿದ್ದ ಹುಡುಗ ಹುಡುಗಿಯರು ಕೊಂಡುಕೊಂಡರು. ಆದರೆ ಸೀರಿಯಸ್ ಡಿಜೆಗಳು ಮಾತ್ರ ಮುಟ್ಟಲು ಹಿಂಜರಿದರು.

ಇಲ್ಲಿ ಹೌಲೆಟ್ ಮಾಡಿದ ಕೆಲಸ ನನಗೆ ತುಂಬಾ ಇಷ್ಟ. 1993ರಲ್ಲಿ ಒಂದು ಹೊಸ ಟ್ಯೂನನ್ನು 'ಅರ್ಥ್‌ಬೌಂಡ್' ಎಂಬ ಬೇರೆ ಹೆಸರಿನಲ್ಲಿ ಹೊರಬಿಟ್ಟ. ಲೇಬಲ್ ಮೇಲೆ ಬ್ಯಾಂಡಿನ ಸುಳಿವೇ ಇಲ್ಲದ ಬಿಳಿ ರೆಕಾರ್ಡ್. ಪ್ರಾಡಿಜಿ ಅಂದರೆ ಮೂಗು ಮುರಿಯುತ್ತಿದ್ದ ಡಿಜೆಗಳು ಅದನ್ನು ಖುಷಿಯಾಗಿ ಹಾಕಿದರು. ಆಮೇಲೆ ಅದೇ ಟ್ಯೂನ್ 'ಒನ್ ಲವ್' ಅಂತ ಪ್ರಾಡಿಜಿ ಹೆಸರಿನಲ್ಲೇ ಬಂತು. ವಿಮರ್ಶೆಯಲ್ಲಿ ಕಿವಿಯ ಪಾಲೆಷ್ಟು, ಹೆಸರಿನ ಪಾಲೆಷ್ಟು ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕಾ?

1994ರ 'ಮ್ಯೂಸಿಕ್ ಫಾರ್ ದಿ ಜಿಲ್ಟೆಡ್ ಜನರೇಶನ್' ಆ ಬೈಗುಳಕ್ಕೆ ಪೂರ್ತಿ ಉತ್ತರ. ನನ್ನ ಪ್ರಕಾರ ಇದೇ ಅವರ ಅತ್ಯುತ್ತಮ ಕೆಲಸ. ಕಾರ್ಟೂನ್ ದನಿಗಳು ಹೋದವು. ಗಿಟಾರ್ ಬಂತು, ಕೊಳಲು ಬಂತು, ಹಿಪ್ ಹಾಪ್‌ನ ನಿಧಾನ ನಡಿಗೆ ಬಂತು. ಸುಮಾರು 78 ನಿಮಿಷದ ಆಲ್ಬಂ. ಸಿಡಿಯಲ್ಲಿ ಹಿಡಿಸಲು ಕೆಲವು ಹಾಡುಗಳಿಗೆ ಕತ್ತರಿ ಹಾಕಬೇಕಾಯಿತು. ಅದೇ ವರ್ಷ ಬ್ರಿಟನ್ ಸರ್ಕಾರ ಒಂದು ಕಾನೂನು ತಂದಿತು. ಬಯಲಿನಲ್ಲಿ ಜನ ಸೇರಿ, ಒಂದೇ ಸಮನೆ ಹೊಡೆಯುವ ತಾಳಕ್ಕೆ ರಾತ್ರಿ ಕುಣಿದರೆ ನಿಲ್ಲಿಸುವ ಅಧಿಕಾರ ಪೊಲೀಸರಿಗೆ ಸಿಕ್ಕಿತು. ಆಲ್ಬಮ್ಮಿನ ಒಳಪುಟದಲ್ಲಿ ಒಂದು ದೊಡ್ಡ ಚಿತ್ರವಿದೆ. ಕಣಿವೆಯ ಆಚೆ ಹೊಗೆ ಕಾರುವ ನಗರ ಮತ್ತು ಪೊಲೀಸರು, ಈಚೆ ಹಸಿರು ಬಯಲಿನಲ್ಲಿ ಕುಣಿತ. ನಡುವಿನ ತೂಗುಸೇತುವೆಯ ಹಗ್ಗವನ್ನು ಒಬ್ಬ ಯುವಕ ಕತ್ತರಿಸುತ್ತಿದ್ದಾನೆ. ಆ ತಲೆಮಾರಿಗೆ ಇದು ಬರೀ ಸಂಗೀತವಾಗಿ ಉಳಿಯಲಿಲ್ಲ, ತಮ್ಮ ಪರವಾಗಿ ಯಾರೋ ಮಾತಾಡಿದ ಹಾಗಾಯಿತು.

ವಿಮರ್ಶಕರೂ ಸೋತರು. ಆಲ್ಬಂ ಒಂದನೇ ಸ್ಥಾನಕ್ಕೆ ಹೋಯಿತು. ವರ್ಷದ ಅತ್ಯುತ್ತಮ ಆಲ್ಬಮ್ಮಿಗೆ ಕೊಡುವ ಬ್ರಿಟನ್ನಿನ ಮರ್ಕ್ಯುರಿ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲೂ ಬಂತು. ರೇವ್ ಸಂಗೀತದಲ್ಲಿ ಸಿಂಗಲ್, ಅಂದರೆ ಬಿಡಿ ಹಾಡು ಮಾತ್ರ ಸಾಧ್ಯ, ಆಲ್ಬಂ ಅಂತ ಕೂತು ಕೇಳುವಂಥದ್ದು ಆಗುವುದಿಲ್ಲ ಅನ್ನುವ ಮಾತು ಆಗ ಇತ್ತು. ಅದನ್ನು ಸುಳ್ಳು ಮಾಡಿದ ಆಲ್ಬಂಗಳಲ್ಲಿ ಇದು ಮುಂಚೂಣಿಯದು. ಒಂದು ವಿಶೇಷ ಅಂದರೆ ಪತ್ರಿಕೆಯವರು, ರೇವ್ ಹುಡುಗರು, ರಾಕ್ ಕೇಳುವವರು ಮೂವರೂ ಒಪ್ಪಿದ ಆಲ್ಬಂ ಇದು. ಇಂಥದ್ದು ಅವರಿಗೆ ಇನ್ನೊಮ್ಮೆ ಪೂರ್ತಿಯಾಗಿ ಸಿಗಲಿಲ್ಲ.

ಯಾಕೆ ಅಂದರೆ ಮುಂದಿನದು ತೀರಾ ದೊಡ್ಡದಾಗಿಬಿಟ್ಟಿತು. 1996ರ ಮಾರ್ಚಿನಲ್ಲಿ 'ಫೈರ್‌ಸ್ಟಾರ್ಟರ್' ಬಂತು. ಅಲ್ಲಿಯವರೆಗೆ ಕುಣಿಯುತ್ತಿದ್ದ ಕೀತ್ ಮೊದಲ ಸಲ ಬಾಯಿ ಬಿಟ್ಟ. ಲಂಡನ್ನಿನ ಆಲ್ಡ್‌ವಿಚ್‌ನಲ್ಲಿ ಮುಚ್ಚಿದ ಸುರಂಗ ರೈಲು ನಿಲ್ದಾಣದಲ್ಲಿ, ಕಪ್ಪು ಬಿಳುಪಿನಲ್ಲಿ ತೆಗೆದ ವಿಡಿಯೋ. ಟಿವಿಯಲ್ಲಿ ನೋಡಿ ಮಕ್ಕಳು ಹೆದರುತ್ತಾರೆ ಅಂತ ದೂರುಗಳು ಬಂದವು. ಹಾಡು ಮೂರು ವಾರ ಒಂದನೇ ಸ್ಥಾನದಲ್ಲಿ ಕೂತಿತು. ಅದೇ ವರ್ಷ 'ಬ್ರೀದ್' ಕೂಡ ಒಂದನೇ ಸ್ಥಾನ. 1997ರ 'ದಿ ಫ್ಯಾಟ್ ಆಫ್ ದಿ ಲ್ಯಾಂಡ್' ಬ್ರಿಟನ್ ಮಾತ್ರವಲ್ಲ, ಅಮೆರಿಕದಲ್ಲೂ ಮೊದಲ ವಾರವೇ ನಂಬರ್ ಒನ್. ಎಲೆಕ್ಟ್ರಾನಿಕ್ ಸಂಗೀತದವರಿಗೆ ಅದು ಆಗ ಕನಸಿನ ಮಾತು. ಮತ್ತೆ ಮರ್ಕ್ಯುರಿ ಪಟ್ಟಿ. ಗ್ರ್ಯಾಮಿಯಲ್ಲೂ ಹೆಸರು ಬಂತು, ಅದೂ ಡ್ಯಾನ್ಸ್ ವಿಭಾಗದಲ್ಲಲ್ಲ, ಆಲ್ಟರ್ನೇಟಿವ್ ಸಂಗೀತದ ವಿಭಾಗದಲ್ಲಿ. ರಾಕ್ ಜಗತ್ತು ಇವರನ್ನು ತಮ್ಮವರು ಅಂತ ಎಳೆದುಕೊಂಡಿತು ಅನ್ನುವುದಕ್ಕೆ ಇದೇ ಗುರುತು.

ಹೊಗಳಿಕೆ ಜೋರಾಗಿತ್ತು. ಜಗಳವೂ ಅಷ್ಟೇ. ಮೊದಲ ಹಾಡು 'ಸ್ಮ್ಯಾಕ್ ಮೈ ಬಿಚ್ ಅಪ್' ಹೆಂಗಸರನ್ನು ಹೊಡೆಯುವುದನ್ನು ಹಾಡಿ ಹೊಗಳುತ್ತದೆ ಅಂತ ಅಮೆರಿಕದ ಮಹಿಳಾ ಸಂಘಟನೆಗಳು ಪ್ರತಿಭಟಿಸಿದವು. ವಾಲ್‌ಮಾರ್ಟ್, ಕೆಮಾರ್ಟ್ ಅಂಗಡಿಗಳು ಆಲ್ಬಮ್ಮನ್ನು ಕಪಾಟಿನಿಂದ ತೆಗೆದವು. ಎಂಟಿವಿ ವಿಡಿಯೋವನ್ನು ತಡರಾತ್ರಿ ಮಾತ್ರ ತೋರಿಸಿತು. ಮರುವರ್ಷ ಅದೇ ವಿಡಿಯೋಗೆ ಎಂಟಿವಿಯ ಎರಡು ಪ್ರಶಸ್ತಿ ಬಂದವು. 1998ರ ರೆಡಿಂಗ್ ಉತ್ಸವದಲ್ಲಿ ಆ ಹಾಡು ಬೇಡ ಅಂತ ಅಮೆರಿಕದ ಹಿಪ್ ಹಾಪ್ ತಂಡ ಬೀಸ್ಟಿ ಬಾಯ್ಸ್‌ನವರು ಕೇಳಿಕೊಂಡರು. ಪ್ರಾಡಿಜಿಯವರು ನುಡಿಸಿಯೇ ನುಡಿಸಿದರು. ಆ ಸಾಲು ಹಳೆಯ ಒಂದು ಹಿಪ್ ಹಾಪ್ ಹಾಡಿನಿಂದ ಕತ್ತರಿಸಿ ತಂದದ್ದು ಎಂಬುದು ನಿಜ. ಆದರೂ ಹೇಳುತ್ತೇನೆ, ಕತ್ತರಿಸಿ ತಂದವರು ಅದರ ಅರ್ಥವನ್ನೂ ಹೊರಬೇಕು. ಆ ದೂರನ್ನು ನಾನು ಸುಮ್ನೆ ತಳ್ಳಿಹಾಕುವುದಿಲ್ಲ.

ನಮ್ಮ ಕಿವಿಗೆ ಈ ಆಲ್ಬಮ್ಮಿನಲ್ಲಿ ಇನ್ನೆರಡು ವಿಷಯ ಇವೆ. ಅದೇ ಹಾಡಿನ ನಡುವೆ ತಾಳವೆಲ್ಲ ನಿಂತು ಒಂದು ಹೆಣ್ಣು ದನಿ ಆಲಾಪದಂತೆ ಏಳುತ್ತದಲ್ಲ, ಅದು ಶಾಹಿನ್ ಬಾದರ್ ಎಂಬ ಬ್ರಿಟಿಷ್ ಗಾಯಕಿಯದು. ಎಷ್ಟೋ ಜನ ಅದನ್ನು ಎಲ್ಲಿಂದಲೋ ಎತ್ತಿದ ಹಳೆ ರೆಕಾರ್ಡ್ ಅಂದುಕೊಂಡಿದ್ದಾರೆ. ಇನ್ನೊಂದು, ಸುಮಾರು 9 ನಿಮಿಷದ 'ನಾರಾಯಣ್'. ಕೂಲಾ ಶೇಕರ್ ಬ್ಯಾಂಡಿನ ಕ್ರಿಸ್ಪಿಯನ್ ಮಿಲ್ಸ್ ಹಾಡಿರುವ ಇದರ ಕೊನೆ ಕೊನೆಗೆ ನಾರಾಯಣನ ನಾಮಜಪವೇ ನಡೆಯುತ್ತದೆ. ಬೆಳಗ್ಗೆ ದೇವಸ್ಥಾನದ ಮೈಕಿನಲ್ಲಿ ಕೇಳಿ ಬೆಳೆದ ಹೆಸರು ಆ ಗುಡುಗಿನ ಡ್ರಮ್ಮಿನ ಮೇಲೆ ಬಂದಾಗ ನನಗೆ ಮೈ ಝುಂ ಅಂದಿತ್ತು, ಈಗಲೂ ಅನ್ನುತ್ತದೆ. ಆದರೆ ಒಟ್ಟು ಆಲ್ಬಂ ಆಗಿ ನೋಡಿದರೆ ಇದು 'ಜಿಲ್ಟೆಡ್'ನಷ್ಟು ಬಿಗಿ ಇಲ್ಲ. ಮೂರ್ನಾಲ್ಕು ಹಾಡುಗಳು ಬೆಟ್ಟದಷ್ಟು ಎತ್ತರ, ಉಳಿದವು ಅವುಗಳ ನೆರಳಿನಲ್ಲಿ.

ಇನ್ನು ನಿಮ್ಮ ಗೆಳೆಯ ದಂಡ ಅನ್ನುವ ಕಾಲಕ್ಕೆ ಬರೋಣ. ಫೈರ್‌ಸ್ಟಾರ್ಟರ್ ಆದಮೇಲೆ ಜನರಿಗೆ ಪ್ರಾಡಿಜಿ ಅಂದರೆ ಕೀತ್‌ನ ಮುಖ. ಆ ಕೊಂಬಿನಂಥ ಕೂದಲು, ಕಣ್ಣಿನ ಸುತ್ತ ಕಾಡಿಗೆ. ಆದರೆ ಸಂಗೀತ ಮಾಡುವವನು ಹೌಲೆಟ್. 2000ದಲ್ಲಿ ಲೀರಾಯ್ ಬಿಟ್ಟುಹೋದ. 2002ರಲ್ಲಿ ಕೀತ್ ಹಾಡಿದ 'ಬೇಬೀಸ್ ಗಾಟ್ ಎ ಟೆಂಪರ್' ಬಂತು. 5ನೇ ಸ್ಥಾನಕ್ಕೇನೋ ಹೋಯಿತು, ಆದರೆ ಪತ್ರಿಕೆಗಳು ಉಗಿದವು. ಹಳೆಯ ಫೈರ್‌ಸ್ಟಾರ್ಟರನ್ನೇ ಮತ್ತೆ ಬಿಸಿಮಾಡಿ ಬಡಿಸಿದ್ದಾರೆ ಎಂಬ ದೂರು. ಹೌಲೆಟ್ ಅದನ್ನು ಆಲ್ಬಮ್ಮಿಗೆ ಸೇರಿಸಲೇ ಇಲ್ಲ. ಅಲ್ಲಿಯವರೆಗೆ ಮಾಡಿದ್ದನ್ನು ಬಿಸಾಕಿ ಲ್ಯಾಪ್‌ಟಾಪ್ ಹಿಡಿದು ಹೊಸದಾಗಿ ಕೂತ.

ಹಾಗೆ ಹುಟ್ಟಿದ್ದು 2004ರ 'ಆಲ್ವೇಸ್ ಔಟ್‌ನಂಬರ್ಡ್, ನೆವರ್ ಔಟ್‌ಗನ್ಡ್'. ಇದು ವಿಮರ್ಶಕರಿಗೆ ಕೊಟ್ಟ ಉತ್ತರ. ಕೀತ್ ಇಲ್ಲ, ಮ್ಯಾಕ್ಸಿಮ್ ಇಲ್ಲ. ಬದಲಿಗೆ ನಟಿ ಜೂಲಿಯೆಟ್ ಲೂಯಿಸ್, ರ‍್ಯಾಪರ್ ಕೂಲ್ ಕೀತ್, ಒಯಾಸಿಸ್ ಬ್ಯಾಂಡಿನ ಲಿಯಾಮ್ ಗ್ಯಾಲಗರ್. ಏಳು ವರ್ಷ ಕಾದಿದ್ದವರು ಮೊದಲ ವಾರವೇ ಕೊಂಡರು, ಹಾಗಾಗಿ ನಂಬರ್ ಒನ್. ಮನೆಗೆ ಹೋಗಿ ಕೇಳಿದಾಗ ಕೀತ್ ಎಲ್ಲಿ ಅಂತ ಕೇಳಿದರು. ಪತ್ರಿಕೆಗಳಲ್ಲೂ ಅಭಿಪ್ರಾಯ ಒಡೆದುಹೋಯಿತು. ನಂಬರ್ ಒನ್ ಅಂದರೆ ಮೆಚ್ಚುಗೆ ಅಲ್ಲ, ಹಿಂದಿನ ಆಲ್ಬಮ್ಮಿನ ಮೇಲಿದ್ದ ನಂಬಿಕೆ ಎಂಬುದು ಇಲ್ಲಿ ಚೆನ್ನಾಗಿ ಕಾಣುತ್ತದೆ. ಈ ಆಲ್ಬಮ್ಮಿಗೆ ಅನ್ಯಾಯವಾಗಿದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. 'ಸ್ಪಿಟ್‌ಫೈರ್' ಒಂದನ್ನು ಜೋರಾಗಿ ಹಾಕಿ ಕೇಳಿ. ಬೇರೆ ಹೆಸರಿನಲ್ಲಿ, ಬಿಳಿ ಲೇಬಲ್ಲಿನಲ್ಲಿ ಬಂದಿದ್ದರೆ ಇದನ್ನೂ ಮೆಚ್ಚುತ್ತಿದ್ದರು.

2009ರ 'ಇನ್ವೇಡರ್ಸ್ ಮಸ್ಟ್ ಡೈ' ಇದಕ್ಕೆ ನೇರ ಉಲ್ಟಾ. ಈ ಸಲ ಉತ್ತರ ಅಭಿಮಾನಿಗಳಿಗೆ. ಮೂವರೂ ಒಟ್ಟಿಗೆ ಬಂದರು, ಸ್ವಂತ ಲೇಬಲ್ ಕಟ್ಟಿದರು. 1992ರ ರೇವ್ ಕೀಬೋರ್ಡಿನ ದನಿಯನ್ನು ಬೇಕಂತಲೇ ವಾಪಸು ತಂದರು. ಎಷ್ಟೋ ವಿಮರ್ಶಕರು ಹೊಸದೇನೂ ಇಲ್ಲ, ಹಳೆಯದನ್ನೇ ತಿರುವಿ ಹಾಕಿದ್ದಾರೆ ಅಂತ ಬರೆದರು. ಜನ ಕೇಳಲಿಲ್ಲ. 'ಒಮೆನ್' ಮತ್ತು 'ವಾರಿಯರ್ಸ್ ಡ್ಯಾನ್ಸ್' ಚಿಕ್ಕ ಹುಡುಗರನ್ನೂ ಸೆಳೆದವು. 1997ರಲ್ಲಿ ಇನ್ನೂ ಶಾಲೆಗೂ ಸೇರದಿದ್ದವರು ಅವರು. 2010ರ ಜುಲೈನಲ್ಲಿ ಮಿಲ್ಟನ್ ಕೀನ್ಸ್ ಬೌಲ್ ಬಯಲಿನಲ್ಲಿ ಅವರದೇ ಉತ್ಸವ ನಡೆಯಿತು. ಸುಮಾರು 65 ಸಾವಿರ ಜನ ಸೇರಿದ್ದರು. ಆ ಕಾರ್ಯಕ್ರಮದ ವಿಡಿಯೋ ಸಿಗುತ್ತದೆ, ದಯವಿಟ್ಟು ನೋಡಿ. ಈ ಹಾಡುಗಳನ್ನು ಒಬ್ಬರೇ ಹೆಡ್‌ಫೋನಿನಲ್ಲಿ ಕೇಳಿ ತೂಗಿದ್ದು ಯಾಕೆ ತಪ್ಪಿತು ಅಂತ ಆಗ ಅರ್ಥವಾಗುತ್ತದೆ. ಅವು ಗುಂಪಿಗಾಗಿ ಮಾಡಿದ್ದು. ಹಾಗಂತ ವಿಮರ್ಶಕರು ಹೇಳಿದ್ದು ಸುಳ್ಳಲ್ಲ, ಹೊಸತನ ನಿಜಕ್ಕೂ ಕಡಿಮೆ. ಅವರು ಹುಡುಕಿದ್ದೇ ಬೇರೆ, ಜನ ಹುಡುಕಿದ್ದೇ ಬೇರೆ.

2015ರ 'ದಿ ಡೇ ಈಸ್ ಮೈ ಎನಿಮಿ' ಸಿಟ್ಟಿನ ಆಲ್ಬಂ, ಸ್ವಲ್ಪ ಉದ್ದ ಜಾಸ್ತಿ. 2018ರ 'ನೋ ಟೂರಿಸ್ಟ್ಸ್' ಚಿಕ್ಕದು, ಚುರುಕು. ಎರಡೂ ನಂಬರ್ ಒನ್, ಎರಡಕ್ಕೂ ಸಾಧಾರಣ ವಿಮರ್ಶೆ. ಅಷ್ಟರಲ್ಲಿ ಪತ್ರಿಕೆಗಳಿಗೆ ಇವರ ಮೇಲೆ ಸಿಟ್ಟೂ ಇರಲಿಲ್ಲ, ಕುತೂಹಲವೂ ಇರಲಿಲ್ಲ.

2019ರ ಮಾರ್ಚ್ 4ರಂದು ಕೀತ್ ತೀರಿಕೊಂಡ. ಅವನಿಗೆ 49 ವರ್ಷ. ಆಮೇಲೆ ಬಂದ ಬರಹಗಳನ್ನು ಓದುವಾಗ ನನಗೆ ದುಃಖದ ಜೊತೆ ಸ್ವಲ್ಪ ಸಿಟ್ಟೂ ಬಂತು. ಹಾಡಲು ಬಾರದವನು, ಬರೀ ವೇಷ ಅಂತ ಒಂದು ಕಾಲದಲ್ಲಿ ಅನ್ನಿಸಿಕೊಂಡವನೇ ಆ ಬರಹಗಳಲ್ಲಿ ತೊಂಬತ್ತರ ದಶಕದ ಬ್ರಿಟನ್ನಿನ ಮುಖವಾಗಿದ್ದ. ಬದುಕಿದ್ದಾಗ ಅಷ್ಟು ಬರೆಯಬಹುದಿತ್ತು. ಹೌಲೆಟ್ ಮತ್ತು ಮ್ಯಾಕ್ಸಿಮ್ 2022ರಿಂದ ಮತ್ತೆ ವೇದಿಕೆ ಏರುತ್ತಿದ್ದಾರೆ.

ಹಾಗಾಗಿ ನಿಮಗೆ ನಾನು ಹೇಳುವುದು: ಮೊದಲು 'ಜಿಲ್ಟೆಡ್ ಜನರೇಶನ್' ಪೂರ್ತಿ, ಮೊದಲಿಂದ ಕೊನೆಯವರೆಗೆ, ಮಧ್ಯೆ ಹಾಡು ದಾಟಿಸದೆ ಕೇಳಿ. ಆಮೇಲೆ 'ಎಕ್ಸ್‌ಪೀರಿಯನ್ಸ್'. ಅದು ಈಗ ಮುಂಚೆಗಿಂತ ಚೆನ್ನಾಗಿ ಕೇಳುತ್ತದೆ, ಆ ಕಾಲದ ಜಗಳ ಈಗ ನಮ್ಮ ಕಿವಿಯಲ್ಲಿ ಇಲ್ಲವಲ್ಲ. 'ಇನ್ವೇಡರ್ಸ್' ಅನ್ನು ಮೊದಲು ವೇದಿಕೆಯ ರೆಕಾರ್ಡಿಂಗ್‌ನಲ್ಲಿ ಕೇಳಿ, ಸ್ಟುಡಿಯೋದ್ದು ಆಮೇಲೆ. 2004ರದ್ದನ್ನು ಮಾತ್ರ ಕೀತ್ ಬರುತ್ತಾನೆ ಅಂತ ಕಾಯದೆ ಕೇಳಿ. ಕೊನೆಯ ಎರಡರಿಂದ ಇಷ್ಟವಾದ ಮೂರ್ನಾಲ್ಕು ಹಾಡು ಆರಿಸಿಕೊಂಡರೆ ಸಾಕು.